ಬೆಟ್ಟ ಏರುವ ಹಳೇ ಸ್ನೋಮೊಬೈಲ್ (ಸ್ಲೆಡ್) ಕೊಂಡಿದ್ದೀರಾ? ಎಂಜಿನ್ ಬಿಚ್ಚುವ ಮೊದಲು ಇದನ್ನು ನೋಡಿ

ಪ್ರಶ್ನೆ: ನಾನು ದಾವಣಗೆರೆಯವನು, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ಸಸ್ಕಾಟೂನ್‌ನ ಒಬ್ಬರಿಂದ 2014ರ ಸ್ಕೀ-ಡೂ ಸಮ್ಮಿಟ್ ಸ್ನೋಮೊಬೈಲ್ ತಗೊಂಡೆ, ಮುಂದೆ ಎರಡು ಸ್ಕೀ, ಹಿಂದೆ ಟ್ರ್ಯಾಕ್ ಅನ್ನುವ ಅಗಲ ರಬ್ಬರ್ ಪಟ್ಟಿ ಇರುವ ಹಿಮದ ಗಾಡಿ. 800ಆರ್ ಇ-ಟೆಕ್ ಎಂಜಿನ್, 154 ಇಂಚಿನ ಟ್ರ್ಯಾಕ್, 3,900 ಕಿ.ಮೀ. ಓಡಿದೆ. ಮಾರಿದವರು ಆರಡಿ ಮೇಲಿನ, 105 ಕೆಜಿ ಆಳು. ನಾನು 68 ಕೆಜಿ. ಬ್ರಿಟಿಷ್ ಕೊಲಂಬಿಯಾದ ಗೋಲ್ಡನ್ ಅನ್ನುವ ಊರಿನ ಹತ್ತಿರದ ಬೆಟ್ಟಕ್ಕೆ ಒಯ್ದಾಗ ಹ್ಯಾಂಡಲ್ ತುಂಬಾ ಭಾರ ಅನ್ನಿಸಿತು, ಗಾಡಿಯನ್ನು ಪಕ್ಕಕ್ಕೆ ವಾಲಿಸಲು ಆಗಲೇ ಇಲ್ಲ. ಮೊದಲ ದಿನವೇ ಬೆಲ್ಟ್ ಸುಟ್ಟಿತು. ವಾಪಸ್ ಬರುವಾಗ ಗಟ್ಟಿ ದಾರಿಯಲ್ಲಿ ಟೆಂಪರೇಚರ್ ಲೈಟ್ ಹತ್ತಿತು. ಎಂಜಿನ್ ಬಿಚ್ಚಿಸಿ ಹೊಸ ಪಿಸ್ಟನ್ ಹಾಕಿಸಬೇಕಾ? ಅಪ್ಪನ ಯೆಜ್ಡಿ ಬಿಚ್ಚಿ ಜೋಡಿಸುತ್ತಾ ಬೆಳೆದವನು, ಸ್ಪ್ಯಾನರ್ ಹಿಡಿಯಲು ಭಯ ಇಲ್ಲ.

ಉತ್ತರ: ಎಂಜಿನ್‌ಗೆ ಈಗಲೇ ಕೈ ಹಾಕಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದಕ್ಕೂ ಪಿಸ್ಟನ್ ಕಾರಣ ಅಂತ ನನಗೆ ಅನ್ನಿಸುತ್ತಿಲ್ಲ. ದುಡ್ಡು ನಿಮ್ಮದಾಗಿರಬಹುದು, ಕಾಗದಪತ್ರ ನಿಮ್ಮ ಹೆಸರಿಗೆ ಆಗಿರಬಹುದು, ಆದರೆ ಗಾಡಿ ಇನ್ನೂ ಹಳೇ ಮಾಲೀಕರದ್ದೇ. ಅದರ ಸ್ಪ್ರಿಂಗು, ಕ್ಲಚ್ಚು, ಹ್ಯಾಂಡಲ್ ಎಲ್ಲ ಅವರ ತೂಕಕ್ಕೆ, ಅವರ ಎತ್ತರಕ್ಕೆ, ಅವರೂರಿನ ಬಯಲಿಗೆ ಹೊಂದಿಕೊಂಡಿವೆ. ಈ ಋತುವಿನ ನಿಮ್ಮ ಕೆಲಸ ಅದನ್ನು ನಿಮ್ಮದಾಗಿ ಮಾಡಿಕೊಳ್ಳುವುದು. ಅದರಲ್ಲಿ ಹೆಚ್ಚಿನದು ಗ್ಯಾರೇಜಿನಲ್ಲೇ, ಜಾಸ್ತಿ ಖರ್ಚಿಲ್ಲದೆ ಆಗುವ ಕೆಲಸ.

ಒಂದು ನಿಯಮ ಮಾತ್ರ ಬಿಡಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತು ಅದನ್ನು ಬರೆದಿಡಿ. ಸ್ಪ್ರಿಂಗ್, ಸ್ಟ್ರಾಪ್, ಕ್ಲಚ್ ಮೂರನ್ನೂ ಒಂದೇ ಶನಿವಾರ ತಿರುಗಿಸಿ ಬೆಟ್ಟಕ್ಕೆ ಹೋದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ತಿರುಗಿಸುವ ಮೊದಲು ಪ್ರತಿಯೊಂದರ ಈಗಿನ ಸ್ಥಿತಿಯ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಬರಬೇಕಾದಾಗ ಅದೇ ನಿಮ್ಮ ದಾರಿ.

ಹಳೇ ಮಾಲೀಕರು ಬೇರೆ ಕಂಪನಿಯ ಸೈಲೆನ್ಸರ್ ಹಾಕಿಸಿದ್ದರೆ, ಏರ್‌ಬಾಕ್ಸ್ (ಎಂಜಿನ್ ಗಾಳಿ ಎಳೆದುಕೊಳ್ಳುವ ಡಬ್ಬಿ) ಕೊರೆದಿದ್ದರೆ, ಅದನ್ನೆಲ್ಲ ಮೊದಲು ಕಂಪನಿ ಸ್ಥಿತಿಗೆ ತನ್ನಿ. ಹಳೇ ಸೈಲೆನ್ಸರ್ ಇದೆಯಾ ಅಂತ ಅವರನ್ನೇ ಕೇಳಿ. ಬಹಳ ಸಲ ಅದು ಅವರ ಶೆಡ್‌ನ ಮೂಲೆಯಲ್ಲೇ ಬಿದ್ದಿರುತ್ತದೆ. ಜೋರು ಸದ್ದು ಮಾಡುವ ಸೈಲೆನ್ಸರ್‌ನಿಂದ ಎರಡು ಕೆಜಿ ತೂಕ ಉಳಿಯಬಹುದು, ಜೊತೆಗೆ ಊರಿನವರ ಬೈಗುಳ ಬರುತ್ತದೆ. ಇಂಥ ಸದ್ದಿನ ದೂರಿನಿಂದ ಸ್ನೋಮೊಬೈಲ್‌ಗೆ ದಾರಿ ಮುಚ್ಚುವುದೂ ಉಂಟು.

ಈಗ ನಿಮ್ಮ ದೂರುಗಳಿಗೆ ಬರೋಣ. ಬೆಲ್ಟ್‌ನಿಂದ ಶುರು ಮಾಡುತ್ತೇನೆ. ಬೆಟ್ಟದಲ್ಲಿ ನಿಮ್ಮನ್ನು ಕೈಬಿಡುವ ಭಾಗ ಅದೇ.

ಸ್ಲೆಡ್‌ನಲ್ಲಿ ಗೇರ್‌ಬಾಕ್ಸ್ ಇಲ್ಲ. ನಮ್ಮ ಆಕ್ಟಿವಾದಲ್ಲಿ ಇರುವ ಹಾಗೆಯೇ ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟ್. ಎಂಜಿನ್ ಕಡೆಯದು ಪ್ರೈಮರಿ ಕ್ಲಚ್, ಟ್ರ್ಯಾಕ್ ಕಡೆಯದು ಸೆಕೆಂಡರಿ. ಎಂಜಿನ್ ಜೋರಾಗಿ ತಿರುಗಿದಂತೆ ಪ್ರೈಮರಿಯೊಳಗಿನ ತೂಕಗಳು ಹೊರಕ್ಕೆ ಎಸೆದುಕೊಂಡು ಬೆಲ್ಟನ್ನು ಹಿಂಡುತ್ತವೆ, ಬೆಲ್ಟ್ ಮೇಲೇರುತ್ತದೆ, ಗಾಡಿ ಮೇಲಿನ ಗೇರ್‌ಗೆ ಹೋದಂತಾಗುತ್ತದೆ. ಆದರೆ ಸ್ಕೂಟರ್‌ನ ಬೆಲ್ಟ್ ಎಂಟು ಕುದುರೆಶಕ್ತಿ ಹೊತ್ತರೆ ನಿಮ್ಮದು ಸುಮಾರು 160 ಹೊರುತ್ತದೆ. ಸಣ್ಣ ತಪ್ಪೂ ಅಲ್ಲಿ ಹೊಗೆಯಾಗಿಯೇ ಹೊರಬರುತ್ತದೆ.

ನಿಮ್ಮ ಗಾಡಿಯ ಕ್ಲಚ್ ಸಸ್ಕಾಟೂನ್‌ಗೆ ಹೊಂದಿಸಿದ್ದು ಅನ್ನುವುದು ನನ್ನ ಊಹೆ. ಆ ಊರು ಸಮುದ್ರ ಮಟ್ಟದಿಂದ 480 ಮೀಟರ್ ಎತ್ತರದಲ್ಲಿದೆ. ಗೋಲ್ಡನ್ ಮೇಲಿನ ಬೆಟ್ಟಗಳಲ್ಲಿ ನೀವು 2,200 ಮೀಟರ್ ಸುಲಭವಾಗಿ ದಾಟುತ್ತೀರಿ. ಅಲ್ಲಿ ಗಾಳಿ ತೆಳು. ಪ್ರತಿ 300 ಮೀಟರ್‌ಗೆ ಎಂಜಿನ್ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಲೆಕ್ಕ ಹಾಕಿ, ಸಸ್ಕಾಟೂನ್‌ನಲ್ಲಿದ್ದ ಶಕ್ತಿಯಲ್ಲಿ ಆರನೇ ಒಂದು ಪಾಲು ಬೆಟ್ಟದ ಮೇಲೆ ಇರುವುದೇ ಇಲ್ಲ. ಇಂಜೆಕ್ಷನ್ ಎಂಜಿನ್ ಆದ್ದರಿಂದ ಪೆಟ್ರೋಲ್ ಎಷ್ಟು ಬೇಕು ಅನ್ನುವುದನ್ನು ಕಂಪ್ಯೂಟರ್ ಗಾಳಿಯ ಒತ್ತಡ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ. ಕ್ಲಚ್‌ಗೆ ಆ ಬುದ್ಧಿ ಇಲ್ಲ. ಬಯಲಿನ ಪೂರ್ತಿ ಶಕ್ತಿಗೆ ಹೊಂದಿಸಿದ ಭಾರದ ತೂಕಗಳು ಬೆಟ್ಟದಲ್ಲೂ ಅಷ್ಟೇ ಜೋರಾಗಿ ಹಿಂಡಿ ಗಾಡಿಯನ್ನು ಮೇಲಿನ ಗೇರ್‌ಗೆ ಎಳೆಯುತ್ತವೆ. ಎಂಜಿನ್ ಉಸಿರುಕಟ್ಟಿ ಆರ್‌ಪಿಎಂ ಇಳಿಯುತ್ತದೆ. ನೀವು ಆಳದ ಹಿಮದಲ್ಲಿ ಥ್ರಾಟಲ್ ಒತ್ತಿ ಹಿಡಿಯುತ್ತೀರಿ, ಟ್ರ್ಯಾಕ್ ತಿರುಗುವುದಿಲ್ಲ, ಬೆಲ್ಟ್ ಪುಲ್ಲಿಯ ಮೇಲೆ ಜಾರುತ್ತದೆ, ಸುಡುತ್ತದೆ.

ಪರೀಕ್ಷೆ ಸುಲಭ. ಬೆಟ್ಟದ ಮೇಲೆ, ಮುಂದೆ ಯಾರೂ ಇಲ್ಲದ, ಹಿಮಕುಸಿತದ ಭಯವಿಲ್ಲದ, ಸ್ವಲ್ಪವೇ ಏರಿರುವ ಜಾಗ ಹುಡುಕಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಥ್ರಾಟಲ್ ಪೂರ್ತಿ ಒತ್ತಿ ಕೆಲವು ಸೆಕೆಂಡ್ ಹಿಡಿಯಿರಿ. ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ನೋಡಿ. ನಿಮ್ಮ ಎಂಜಿನ್‌ಗೆ ಅದು 7,900ರ ಆಸುಪಾಸು ಇರಬೇಕು. 7,500ರಲ್ಲೇ ನಿಂತರೆ ಕ್ಲಚ್ ಭಾರ ಅಂತ ಅರ್ಥ.

ಪ್ರೈಮರಿ ಕ್ಲಚ್‌ನ ಹೊರಮುಖದಲ್ಲಿ ಮೂರು ಬೋಲ್ಟ್‌ಗಳಿವೆ. ಅವುಗಳ ಸುತ್ತ 1ರಿಂದ 6ರವರೆಗಿನ ಸ್ಥಾನಗಳು. ಇವನ್ನೇ ಕ್ಲಿಕ್ಕರ್ ಅನ್ನುವುದು. ಒಂದು ನಂಬರ್ ಮೇಲೇರಿಸಿದರೆ ಆರ್‌ಪಿಎಂ ಸುಮಾರು 200 ಏರುತ್ತದೆ. ನಟ್ ಸಡಿಲಿಸಿ, ಬೋಲ್ಟನ್ನು ಪೂರ್ತಿ ಬಿಚ್ಚದೆ, ಸ್ವಲ್ಪ ಒಳಗೆ ತಳ್ಳಿ ತಿರುಗಿಸಬೇಕು. ಮೂರೂ ಒಂದೇ ನಂಬರ್‌ನಲ್ಲಿರಲೇಬೇಕು, ಇಲ್ಲದಿದ್ದರೆ ಕ್ಲಚ್ ನಡುಗಿ ಹಾಳಾಗುತ್ತದೆ. ನೀವು ತಗೊಂಡಾಗಲೇ ಮೂರೂ ಸಮ ಇದ್ದವಾ ಅಂತ ಮೊದಲು ನೋಡಿ. ಹಳೇ ಗಾಡಿಗಳಲ್ಲಿ ಒಂದು ಮಾತ್ರ ಬೇರೆ ಇರುವುದು ಅಪರೂಪ ಅಲ್ಲ. ಕ್ಲಿಕ್ಕರ್ 6ಕ್ಕೆ ಹೋದರೂ ಸಾಲದಿದ್ದರೆ ಒಳಗಿನ ಪಿನ್‌ಗಳ ತೂಕ ಇಳಿಸಬೇಕು. ಯಾವ ಎತ್ತರಕ್ಕೆ ಎಷ್ಟು ತೂಕ, ಯಾವ ಸ್ಪ್ರಿಂಗ್ ಅನ್ನುವ ಕಂಪನಿ ಪಟ್ಟಿ ಡೀಲರ್ ಹತ್ತಿರ ಇರುತ್ತದೆ. ಆ ಕೆಲಸಕ್ಕೆ ಕ್ಲಚ್ ಕಳಚುವ ವಿಶೇಷ ಬೋಲ್ಟ್ ಬೇಕು, ಅದನ್ನು ಅವರಿಗೇ ಬಿಡಿ.

ಕ್ಲಚ್ ತೂಕ ಒಂದೇ ಕಾರಣ ಅಂದುಕೊಳ್ಳಬೇಡಿ. ಹಾಕಿದ್ದ ಬೆಲ್ಟ್ ಯಾವುದು? ಅದರ ಮೇಲಿನ ನಂಬರ್ ಕೈಪಿಡಿಯಲ್ಲಿರುವ ನಂಬರೇ ಆಗಿರಬೇಕು. ಅಗ್ಗದ ಬೆಲ್ಟ್ ಒಂದೆರಡು ಮಿಲಿಮೀಟರ್ ಕಿರಿದಾಗಿದ್ದರೂ ಕ್ಲಚ್‌ನ ಲೆಕ್ಕವೆಲ್ಲ ತಪ್ಪುತ್ತದೆ. ಸೆಕೆಂಡರಿಯಲ್ಲಿ ಬೆಲ್ಟಿನ ಮೇಲಂಚು ಪುಲ್ಲಿಯ ಅಂಚಿಗೆ ಸಮನಾಗಿ, ಅಥವಾ ಕೂದಲೆಳೆಯಷ್ಟು ಮೇಲೆ ಕೂತಿರಬೇಕು. ತೀರಾ ಮೇಲಿದ್ದರೆ ಎಂಜಿನ್ ಸುಮ್ನೆ ಐಡಲ್‌ನಲ್ಲಿದ್ದಾಗಲೂ ಗಾಡಿ ಮೆಲ್ಲಗೆ ಮುಂದಕ್ಕೆ ತೆವಳುತ್ತದೆ. ಕೆಳಗಿದ್ದರೆ ಹೊರಡುವಾಗ ತಡವರಿಸುತ್ತದೆ. ಸೆಕೆಂಡರಿಯಲ್ಲಿರುವ ಸ್ಕ್ರೂನಿಂದ ಇದನ್ನು ಹೊಂದಿಸಬಹುದು.

ಬೆಲ್ಟ್ ಸುಟ್ಟ ಮೇಲೆ ಪುಲ್ಲಿಗಳನ್ನು ತೊಳೆದಿರಾ? ಹೊಸ ಬೆಲ್ಟ್ ಹಾಕಿ ಹಾಗೇ ಹೊರಟಿದ್ದರೆ ಅದೂ ಬಾಳುವುದಿಲ್ಲ. ಸುಟ್ಟ ರಬ್ಬರ್ ಪುಲ್ಲಿಗೆ ಮೆತ್ತಿಕೊಂಡಿರುತ್ತದೆ. ಸ್ಕಾಚ್-ಬ್ರೈಟ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬ್ರೇಕ್ ಕ್ಲೀನರ್ ಸುರಿಯುವವರೂ ಇದ್ದಾರೆ, ನನಗೆ ಅದು ಇಷ್ಟವಿಲ್ಲ, ಒಳಗಿನ ಬುಶ್‌ಗಳಿಗೆ ಒಳ್ಳೆಯದಲ್ಲ. ಬೆಲ್ಟಿನ ನೂಲು ಸೀಲ್ ಕಡೆ ಸುತ್ತಿಕೊಂಡಿದೆಯಾ ಅಂತಲೂ ಟಾರ್ಚ್ ಹಾಕಿ ನೋಡಿ. ಹೊಸ ಬೆಲ್ಟನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ ಹಾಕಿ. ಮೊದಲ ಐವತ್ತು ಕಿಲೋಮೀಟರ್ ಥ್ರಾಟಲ್ ಪೂರ್ತಿ ಒತ್ತಬೇಡಿ.

ಇನ್ನೊಂದು ಕಾರಣ ಹೊಸಬರಿಗೆ ಹೊಳೆಯುವುದೇ ಇಲ್ಲ. ಟ್ರೇಲರ್ ಮೇಲೆ ಇನ್ನೂರೈವತ್ತು ಕಿಲೋಮೀಟರ್ ಬಂದ ಗಾಡಿಯ ಟ್ರ್ಯಾಕ್ ರಸ್ತೆಯ ಕೆಸರು ಹಿಮದಲ್ಲಿ ನೆನೆದು, ಹೆಪ್ಪುಗಟ್ಟಿ, ರೈಲಿಗೆ, ಅಂದರೆ ಟ್ರ್ಯಾಕ್ ಜಾರುವ ಉದ್ದನೆ ಲೋಹದ ಕಂಬಿಗೆ, ಅಂಟಿಕೊಂಡಿರುತ್ತದೆ. ಹಾಗೇ ಥ್ರಾಟಲ್ ಒತ್ತಿದರೆ ಟ್ರ್ಯಾಕ್ ಅಲ್ಲಾಡುವ ಮೊದಲೇ ಬೆಲ್ಟ್ ಅರ್ಧ ಸತ್ತಿರುತ್ತದೆ. ಇಳಿಸಿದ ತಕ್ಷಣ ಹಿಂದಿನ ಬಂಪರ್ ಎತ್ತಿ ಧೊಪ್ಪನೆ ಬಿಡಿ. ಟ್ರ್ಯಾಕಿಗೆ ಬೂಟುಗಾಲಿನಿಂದ ನಾಲ್ಕು ಒದೆ ಕೊಡಿ. ಸಡಿಲವಾಗಿದೆ ಅಂತ ಖಾತ್ರಿಯಾದ ಮೇಲೆ ಹೊರಡಿ. ಆಳದ ಹಿಮದಲ್ಲಿ ಹೂತುಹೋದಾಗಲೂ ಹಾಗೆಯೇ. ಥ್ರಾಟಲ್ ಒತ್ತಿ ಹೊರಬರಲು ನೋಡಬೇಡಿ, ಸಲಿಕೆ ತೆಗೆದು ಟ್ರ್ಯಾಕಿನ ಮುಂದಿನ ಹಿಮ ಬಗೆಯಿರಿ.

ಟೆಂಪರೇಚರ್ ಲೈಟ್ ವಿಷಯ ಇದಕ್ಕಿಂತ ಸರಳ. ಈ ಗಾಡಿಯಲ್ಲಿ ಕಾರಿನ ಹಾಗೆ ಮುಂದೆ ರೇಡಿಯೇಟರ್ ಮತ್ತು ಫ್ಯಾನ್ ಇಲ್ಲ. ಸೀಟಿನ ಕೆಳಗಿನ ಅಲ್ಯೂಮಿನಿಯಂ ಟನೆಲ್‌ನ ಒಳಮೈಯಲ್ಲಿ ಕೂಲಂಟ್ ಹರಿಯುತ್ತದೆ. ಟ್ರ್ಯಾಕ್ ಎರಚುವ ಹಿಮವೇ ಅದನ್ನು ತಣ್ಣಗಾಗಿಸಬೇಕು. ನಿಮ್ಮ ಟ್ರ್ಯಾಕಿನ ಎರಡೂವರೆ ಇಂಚಿನ ಲಗ್‌ಗಳು (ರಬ್ಬರ್ ಹಲ್ಲುಗಳು) ಪುಡಿಹಿಮದಲ್ಲಿ ಬೇಕಾದಷ್ಟು ಎರಚುತ್ತವೆ. ಸಂಜೆ ವಾಪಸ್ ಬರುವ ದಾರಿ ನೂರಾರು ಗಾಡಿ ಓಡಿ ಗಟ್ಟಿಯಾಗಿರುತ್ತದೆ. ಎರಚಲು ಅಲ್ಲಿ ಏನೂ ಇಲ್ಲ. ಎಂಜಿನ್ ಬಿಸಿಯೇರುತ್ತದೆ. ಅದಕ್ಕಿಂತ ಮೊದಲೇ ರೈಲಿನ ಕೆಳಗಿರುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಸ್ಲೈಡರ್, ಕರಗಲು ಶುರುವಾಗುತ್ತದೆ. ಅದನ್ನು ಜಾರುವಂತೆ, ತಣ್ಣಗೆ ಇಡುವುದೂ ಹಿಮವೇ.

ಇದಕ್ಕೆ ಮದ್ದು ಐಸ್ ಸ್ಕ್ರಾಚರ್. ರೈಲಿಗೆ ಅಥವಾ ಸ್ಕೀಗೆ ಸಿಕ್ಕಿಸುವ ಒಂದು ಜೊತೆ ಉಕ್ಕಿನ ಕಡ್ಡಿಗಳು. ಗಟ್ಟಿ ದಾರಿಯನ್ನು ಕೆರೆದು ಹಿಮದ ಪುಡಿಯನ್ನು ಟನೆಲ್ ಒಳಗೆ ಎಸೆಯುತ್ತವೆ. ಕೇಬಲ್ ಥರದ್ದು ತಗೊಳ್ಳಿ. ಗಡುಸು ಕಡ್ಡಿಯದ್ದಾದರೆ ರಿವರ್ಸ್ ಹಾಕಿದಾಗ ನೆಲಕ್ಕೆ ನಾಟಿ ಮುರಿಯುತ್ತದೆ. ಹಳೇ ಮಾಲೀಕರು ಇದನ್ನು ಹಾಕಿಸಿಲ್ಲದಿದ್ದರೆ ನೀವು ಖರ್ಚು ಮಾಡುವ ಮೊದಲ ದುಡ್ಡು ಇದೇ ಆಗಲಿ. ಲೈಟ್ ಹತ್ತಿದರೆ ದಾರಿ ಪಕ್ಕದ ಮೆತ್ತನೆ ಹಿಮಕ್ಕೆ ಇಳಿಸಿ ಸ್ವಲ್ಪ ಓಡಿಸಿ, ಸಾಲದಿದ್ದರೆ ನಿಲ್ಲಿಸಿ ಟನೆಲ್ ಮೇಲೆ ಹಿಮ ಪೇರಿಸಿ. ಆದರೆ ಪುಡಿಹಿಮದಲ್ಲೂ ಲೈಟ್ ಹತ್ತುತ್ತಿದ್ದರೆ ಮಾತು ಬೇರೆ. ಕೂಲಂಟ್ ಕಡಿಮೆ ಇರಬಹುದು, ಗಾಳಿ ಸೇರಿರಬಹುದು, ಥರ್ಮೋಸ್ಟಾಟ್ ಅಂಟಿರಬಹುದು. ಕೂಲಂಟ್ ಯಾವಾಗ ಬದಲಿಸಿದ್ದು ಅಂತ ಮಾರಿದವರಿಗೆ ನೆನಪಿಲ್ಲದಿದ್ದರೆ ಈಗ ಬದಲಿಸಿಬಿಡಿ.

ಸ್ಲೈಡರ್‌ಗಳನ್ನೂ ಈಗಲೇ ನೋಡಿ. ಪಕ್ಕದಲ್ಲಿ ಸವೆತದ ಗೆರೆ ಇರುತ್ತದೆ. ಯಾವುದೇ ಒಂದು ಕಡೆ ಗೆರೆ ಮುಟ್ಟಿದ್ದರೂ ಎರಡನ್ನೂ ಬದಲಿಸಿ.

ಇನ್ನು ಹ್ಯಾಂಡಲ್ ಭಾರ. ಇಲ್ಲಿ 105 ಮತ್ತು 68 ಕೆಜಿಯ ವ್ಯತ್ಯಾಸ ನೇರವಾಗಿ ಕೆಲಸ ಮಾಡುತ್ತಿದೆ. ಅವರು ಕೂತರೆ ಹಿಂಭಾಗ ಕುಸಿಯಬಾರದು ಅಂತ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿರುತ್ತಾರೆ. ನೀವು ಕೂತರೆ ಅದು ಅಲ್ಲಾಡುವುದೇ ಇಲ್ಲ. ಹಿಂಭಾಗ ಎತ್ತರದಲ್ಲೇ ನಿಂತು ಭಾರವೆಲ್ಲ ಮುಂದಿನ ಸ್ಕೀಗಳ ಮೇಲೆ ಬೀಳುತ್ತದೆ. ಸ್ಕೀ ಹಿಮದೊಳಗೆ ನಾಟುತ್ತದೆ, ಹ್ಯಾಂಡಲ್ ತಿರುಗುವುದಿಲ್ಲ, ಗಾಡಿ ವಾಲುವುದಿಲ್ಲ. ನೀವು ಸೋತಿದ್ದಕ್ಕೆ ನಿಮ್ಮ ತೋಳಿನ ಶಕ್ತಿ ಕಾರಣ ಅಲ್ಲ.

ಅಳೆಯುವುದು ಹೀಗೆ. ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ. ಹಿಂದಿನ ಬಂಪರ್ ಹಿಡಿದು ಸಸ್ಪೆನ್ಷನ್ ಪೂರ್ತಿ ಚಾಚುವವರೆಗೆ ಎತ್ತಿ, ನೆಲದಿಂದ ಬಂಪರ್‌ಗೆ ಎಷ್ಟು ಅಂತ ಅಳೆಯಿರಿ. ಈಗ ಬೂಟು, ಹೆಲ್ಮೆಟ್, ಬೆನ್ನಿನ ಚೀಲ ಎಲ್ಲ ಹಾಕಿಕೊಂಡು ನೀವು ಕೂತುಕೊಳ್ಳಿ. ಮನೆಯವರಿಂದ ಮತ್ತೆ ಅಳೆಸಿ. ವ್ಯತ್ಯಾಸ ಸುಮಾರು 50ರಿಂದ 75 ಮಿಲಿಮೀಟರ್ ಇದ್ದರೆ ಸರಿ. ನಿಮ್ಮದು ಅದರ ಅರ್ಧವೂ ಬರುವುದಿಲ್ಲ ಅಂತ ನನ್ನ ಅಂದಾಜು. ಹಿಂದಿನ ಸ್ಪ್ರಿಂಗ್‌ನ ಪ್ರಿಲೋಡನ್ನು, ಅಂದರೆ ಮೊದಲೇ ಕೊಟ್ಟಿರುವ ಬಿಗಿತವನ್ನು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಎಡ, ಬಲ ಎರಡು ಹೊಂದಿಕೆ ಇದ್ದರೆ ಎರಡನ್ನೂ ಸಮವಾಗಿ. ಪೂರ್ತಿ ಸಡಿಲಿಸಿದರೂ ಕುಸಿಯದಿದ್ದರೆ ಹಳೇ ಮಾಲೀಕರು ಗಡುಸು ಸ್ಪ್ರಿಂಗನ್ನೇ ಹಾಕಿಸಿದ್ದಾರೆ. ಆಗ ನಿಮ್ಮ ತೂಕದ ಸ್ಪ್ರಿಂಗ್ ತರಿಸಬೇಕು.

ಇದಾದ ಮೇಲೆ ಒಂದು ದಿನ ಓಡಿಸಿ ನೋಡಿ. ಇನ್ನೂ ಭಾರ ಅನ್ನಿಸಿದರೆ ಮಾತ್ರ ಲಿಮಿಟರ್ ಸ್ಟ್ರಾಪ್‌ಗೆ ಬನ್ನಿ. ಸಸ್ಪೆನ್ಷನ್‌ನ ಮುಂಭಾಗವನ್ನು ಟನೆಲ್‌ಗೆ ಕಟ್ಟಿಹಾಕಿರುವ ದಪ್ಪ ಪಟ್ಟಿ ಅದು. ಗಿಡ್ಡ ಮಾಡಿದರೆ ಸ್ಕೀಗಳ ಮೇಲೆ ಭಾರ ಜಾಸ್ತಿ, ಕಡಿದಾದ ಏರಿನಲ್ಲಿ ಮೂತಿ ಏಳುವುದು ಕಡಿಮೆ. ಉದ್ದ ಬಿಟ್ಟರೆ ಹ್ಯಾಂಡಲ್ ಹಗುರ, ಆದರೆ ಥ್ರಾಟಲ್ ಒತ್ತಿದ ಕೂಡಲೇ ಮುಂಭಾಗ ಆಕಾಶ ನೋಡುತ್ತದೆ, ಟ್ರ್ಯಾಕ್ ಹಿಮದಲ್ಲಿ ಗುಂಡಿ ತೋಡುತ್ತದೆ. ಒಂದೇ ಒಂದು ತೂತಿನಷ್ಟು ಬದಲಿಸಿ. ಸ್ಟ್ರಾಪ್ ಬದಲಿಸಿದಾಗ ಟ್ರ್ಯಾಕಿನ ಬಿಗಿತವೂ ಬದಲಾಗುತ್ತದೆ, ಅದನ್ನು ಮತ್ತೆ ನೋಡಬೇಕು.

ಮುಂದಿನ ಸ್ಕೀಗಳ ಕೆಳಗಿನ ಕಾರ್ಬೈಡ್ (ನೆಲ ಕಚ್ಚುವ ಗಡುಸು ಅಂಚು) ಕೂಡ ನೋಡಿ. ಬಯಲಿನ ಗಟ್ಟಿ ದಾರಿಗೆ ಅಂತ ಉದ್ದನೆಯದು ಹಾಕಿಸಿರುವ ಸಾಧ್ಯತೆ ಇದೆ. ಬೆಟ್ಟಕ್ಕೆ ಗಿಡ್ಡದು ಸಾಕು. ಉದ್ದನೆಯದು ಹ್ಯಾಂಡಲನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಹ್ಯಾಂಡಲ್ ಎತ್ತರವೂ ಅವರದ್ದೇ. ಬೆಟ್ಟದಲ್ಲಿ ಕೂತು ಓಡಿಸುವುದು ಕಡಿಮೆ, ನಿಂತೇ ಜಾಸ್ತಿ. ಫುಟ್‌ಬೋರ್ಡ್ ಮೇಲೆ ಮಂಡಿ ಸ್ವಲ್ಪ ಮಡಚಿ ನಿಂತಾಗ ಕೈ ತಾನಾಗಿ ಹ್ಯಾಂಡಲ್‌ಗೆ ಬರಬೇಕು. ಭುಜ ಎತ್ತಬೇಕಾಗಿ ಬಂದರೆ ರೈಸರ್, ಅಂದರೆ ಹ್ಯಾಂಡಲನ್ನು ಎತ್ತರಿಸುವ ತುಂಡು, ಜಾಸ್ತಿ ಎತ್ತರ ಆಗಿದೆ. ಗಿಡ್ಡ ರೈಸರ್ ಹಾಕಿಸುವಾಗ ಬ್ರೇಕ್ ಹೋಸು, ಥ್ರಾಟಲ್ ಕೇಬಲ್ ಎಲ್ಲೂ ಮಡಚಿಕೊಳ್ಳದಂತೆ ನೋಡಿ. ಹ್ಯಾಂಡಲನ್ನು ಎರಡೂ ತುದಿಗೆ ತಿರುಗಿಸಿ, ಎಂಜಿನ್ ಸದ್ದು ಏರುತ್ತದಾ ಅಂತ ಪರೀಕ್ಷಿಸಿ.

ಟ್ರ್ಯಾಕ್ ವಿಚಾರ ಬೇಗ ಹೇಳಿಬಿಡುತ್ತೇನೆ. ಹಿಂಭಾಗ ಸ್ಟ್ಯಾಂಡ್ ಮೇಲೆತ್ತಿ, ಟ್ರ್ಯಾಕಿನ ನಡುಮಧ್ಯ ಕೈಪಿಡಿ ಹೇಳಿದ ತೂಕ ನೇತುಹಾಕಿ, ಸ್ಲೈಡರ್ ಮತ್ತು ಟ್ರ್ಯಾಕ್ ಕ್ಲಿಪ್ ನಡುವಿನ ಸಂದು ಅಳೆಯಿರಿ. ಹೊಸಬರು ಮಾಡುವುದು ಯಾವಾಗಲೂ ಅತಿ ಬಿಗಿ. ಬಿಗಿಯಾದ ಟ್ರ್ಯಾಕ್ ಶಕ್ತಿ ತಿನ್ನುತ್ತದೆ, ಬೇರಿಂಗ್ ಕೊಲ್ಲುತ್ತದೆ. ಆಮೇಲೆ ಮೆಲ್ಲಗೆ ತಿರುಗಿಸಿ ಎರಡೂ ಪಕ್ಕ ಸಂದು ಸಮ ಇದೆಯಾ ನೋಡಿ. ಟ್ರ್ಯಾಕ್ ತಿರುಗುವಾಗ ಹಿಂದೆ ಯಾರೂ ನಿಲ್ಲಬಾರದು, ಮಕ್ಕಳಂತೂ ಗ್ಯಾರೇಜಿನಲ್ಲೇ ಇರಬಾರದು. ಸಿಕ್ಕಿಕೊಂಡ ಕಲ್ಲೊಂದು ಸಿಡಿದರೆ ಗುಂಡಿನ ವೇಗದಲ್ಲಿ ಬರುತ್ತದೆ. ಟ್ರ್ಯಾಕಿನ ಒಳಗಿನ ಸಣ್ಣ ಬೋಗಿ ಚಕ್ರಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಗೊರಗೊರ ಅಂದದ್ದನ್ನು ಬದಲಿಸಿ, ಬೇರಿಂಗ್ ದೊಡ್ಡ ಖರ್ಚಲ್ಲ.

ಚೈನ್‌ಕೇಸ್ (ಸೆಕೆಂಡರಿಯಿಂದ ಟ್ರ್ಯಾಕಿಗೆ ಶಕ್ತಿ ಒಯ್ಯುವ ಚೈನಿನ ಪೆಟ್ಟಿಗೆ) ಎಣ್ಣೆ ಇಳಿಸಿದಾಗ ಡ್ರೇನ್ ಪ್ಲಗ್‌ನ ಮ್ಯಾಗ್ನೆಟ್ ನೋಡಿ. ಬೂದಿಯಂಥ ನುಣುಪು ಪುಡಿ ಇದ್ದರೆ ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮುಚ್ಚಳ ಬಿಚ್ಚಲೇಬೇಕು.

ಬೆಟ್ಟದ ಗಾಡಿಗಳು ಮರಕ್ಕೆ, ಬಂಡೆಗೆ ಗುದ್ದಿಕೊಂಡೇ ಬದುಕುತ್ತವೆ. ಸ್ಕೀಗಳನ್ನು ಚೌಕಟ್ಟಿಗೆ ಜೋಡಿಸುವ ಮುಂದಿನ ಎ-ಆರ್ಮ್‌ಗಳನ್ನು ಎಡಬಲ ಹೋಲಿಸಿ, ಒಂದು ಬಾಗಿದ್ದರೆ ಕಣ್ಣಿಗೇ ಗೊತ್ತಾಗುತ್ತದೆ. ಅದು ಬಾಗಿದ್ದರೆ ಅದನ್ನು ಹಿಡಿದಿರುವ ಚೌಕಟ್ಟಿನಲ್ಲಿ ಬಿರುಕು ಇದೆಯಾ ಹುಡುಕಿ. ಟನೆಲ್, ರೈಲು, ರಿವೆಟ್‌ಗಳ ಸುತ್ತ ಕಪ್ಪು ಗೆರೆ ಇದ್ದರೆ ಅಲ್ಲಿ ಲೋಹ ಅಲ್ಲಾಡುತ್ತಿದೆ. ಎಂಜಿನ್ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಹಳೇ ಗಾಡಿಯನ್ನು ಗುಜರಿಗೆ ಹಾಕುವಂತೆ ಮಾಡುವುದು ಹೆಚ್ಚಿನ ಸಲ ಇಂಥ ಬಿರುಕು.

ನೀವು ಯೆಜ್ಡಿ ಬಿಚ್ಚಿದವರು, ಹಾಗಾಗಿ ಟೂ-ಸ್ಟ್ರೋಕ್ ಬಗ್ಗೆ ಮೊದಲಿಂದ ಹೇಳಬೇಕಿಲ್ಲ. ಆದರೆ ಮೈಸೂರಿನ ಆ ಎಂಜಿನ್‌ಗೂ ಇದಕ್ಕೂ ಕೆಲವು ಮುಖ್ಯ ವ್ಯತ್ಯಾಸಗಳಿವೆ. ಇದರಲ್ಲಿ ಪೆಟ್ರೋಲ್‌ಗೆ ಎಣ್ಣೆ ಬೆರೆಸಬಾರದು. ಎಣ್ಣೆಗೆ ಬೇರೆ ಟ್ಯಾಂಕ್, ಪಂಪ್ ತಾನೇ ಅಳೆದು ಕೊಡುತ್ತದೆ. ಇ-ಟೆಕ್‌ನಲ್ಲಿ ಪೆಟ್ರೋಲ್ ಕಾರ್ಬುರೇಟರ್‌ನಿಂದ ಬರುವುದಿಲ್ಲ, ನೇರ ಸಿಲಿಂಡರ್ ತಲೆಯೊಳಗೇ ಚಿಮ್ಮುತ್ತದೆ. ಆ ಇಂಜೆಕ್ಟರ್‌ಗಳ ವೈರಿನಲ್ಲಿ 12 ವೋಲ್ಟ್‌ಗಿಂತ ಬಹಳ ಜಾಸ್ತಿ ಕರೆಂಟ್ ಹರಿಯುತ್ತದೆ, ಟೆಸ್ಟರ್ ಲೈಟ್ ಚುಚ್ಚಿ ನೋಡುವ ನಮ್ಮೂರಿನ ಅಭ್ಯಾಸ ಇಲ್ಲಿ ಬೇಡ. ಸ್ಪಾರ್ಕ್ ಪ್ಲಗ್ ಕೂಡ ಸುಮ್ನೆ ತಿರುಗಿಸಿ ಬಿಗಿಯುವಂತಿಲ್ಲ. ಅದರ ಬಾಯಿ ಯಾವ ದಿಕ್ಕಿಗಿರಬೇಕು ಅಂತ ಕೈಪಿಡಿ ಹೇಳುತ್ತದೆ, ಹಾಗೇ ಕೂರಿಸಬೇಕು.

ಎಕ್ಸಾಸ್ಟ್ ಬಾಯಿಯಲ್ಲಿ ಏರಿಳಿಯುವ ರೇವ್ ವಾಲ್ವ್‌ಗಳಿವೆ. ಇವು ಯೆಜ್ಡಿಯಲ್ಲಿ ಇರಲಿಲ್ಲ. ಮಸಿ ಕಟ್ಟುವ ಗುಣ ಮಾತ್ರ ಅದೇ. ಸೈಲೆನ್ಸರ್ ಕೆರೆದು ಅಭ್ಯಾಸವಿರುವ ನಿಮಗೆ ಇದು ಕಷ್ಟವಲ್ಲ. ಬಿಚ್ಚಿ, ಮೆತ್ತಗೆ ಉಜ್ಜಿ, ಸಲೀಸಾಗಿ ಜಾರುವಂತೆ ಮಾಡಿ ಹಾಕಿ. ಇವು ಅಂಟಿಕೊಂಡರೆ ಗಾಡಿ ನಡುವೇಗದಲ್ಲಿ ಮಂಕಾಗುತ್ತದೆ.

ಬೆಳಗ್ಗೆ ಇಳಿಸಿದ ಕೂಡಲೇ ರೇಸ್ ಮಾಡುವುದು ಟೂ-ಸ್ಟ್ರೋಕ್ ಎಂಜಿನನ್ನು ಕೊಲ್ಲುವ ಅತಿ ಸುಲಭದ ದಾರಿ. ಮೈನಸ್ ಇಪ್ಪತ್ತರಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ತಣ್ಣನೆ ಕೂಲಂಟ್ ಸುತ್ತುವರಿದ ಸಿಲಿಂಡರ್ ಹಿಗ್ಗುವುದಿಲ್ಲ. ಎರಡೂ ಉಜ್ಜಿಕೊಂಡು ಜಾಮ್ ಆಗುತ್ತವೆ. ಕೂಲಂಟ್ 40 ಡಿಗ್ರಿ ಹತ್ತಿರ ಬರುವವರೆಗೆ ಕಾಯಿರಿ, ಆಮೇಲೂ ಮೊದಲ ಕೆಲವು ನಿಮಿಷ ಮೆಲ್ಲಗೆ ಹೋಗಿ. ಜೊತೆಯವರು ಮುಂದೆ ಹೋದರೆ ಹೋಗಲಿ ಬಿಡಿ. ಪೆಟ್ರೋಲ್ 91 ಆಕ್ಟೇನ್‌ನದ್ದು ಹಾಕಿಸಿ, ಎಣ್ಣೆ ಇ-ಟೆಕ್‌ಗೆ ಹೇಳಿದ ಸಿಂಥೆಟಿಕ್ಕೇ ಇರಲಿ. ಈ ಎರಡರಲ್ಲಿ ಉಳಿಸುವ ದುಡ್ಡು ಉಳಿತಾಯವಲ್ಲ.

ಡೀಲರ್ ಹತ್ತಿರ ಒಂದು ಸಲ ಹೋಗಲೇಬೇಕಾದ ಕಾರಣಗಳೂ ಇವೆ. ಗಾಡಿಯ ನಂಬರ್ ಕೊಟ್ಟರೆ ಬಾಕಿ ಇರುವ ರೀಕಾಲ್ ಇದೆಯಾ ಹೇಳುತ್ತಾರೆ. ಕಂಪ್ಯೂಟರ್ ಸಿಕ್ಕಿಸಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ, ಹಳೇ ದೋಷಗಳ ಕೋಡ್ ಏನಾದರೂ ಉಳಿದಿದೆಯಾ ಓದುತ್ತಾರೆ. ಮೀಟರ್‌ನ 3,900 ಕಿಲೋಮೀಟರ್‌ಗಿಂತ ಇದು ಹೆಚ್ಚು ಹೇಳುತ್ತದೆ. ಮಾರಿದವರು ಒಂದೇ ಟೆದರ್ ಕೀ (ಸವಾರನಿಗೆ ಹಗ್ಗದಿಂದ ಕಟ್ಟಿಕೊಳ್ಳುವ ಕೀ) ಕೊಟ್ಟಿದ್ದರೆ ಇನ್ನೊಂದನ್ನು ಅಲ್ಲೇ ಪ್ರೋಗ್ರಾಂ ಮಾಡಿಸಿ. ಆ ಕೀ ಬೆಟ್ಟದಲ್ಲಿ ಹಿಮದೊಳಗೆ ಬಿದ್ದು ಕಳೆದರೆ 200 ಕೆಜಿಯ ಗಾಡಿ ಅಲ್ಲೇ ಉಳಿಯುತ್ತದೆ. ಅಂದಹಾಗೆ ಟೆದರ್ ಹಗ್ಗವನ್ನು ಜಾಕೆಟ್‌ಗೆ ಸಿಕ್ಕಿಸಿಯೇ ಓಡಿಸಿ. ನೀವು ಬಿದ್ದರೆ ಎಂಜಿನ್ ನಿಲ್ಲುತ್ತದೆ, ಇಲ್ಲದಿದ್ದರೆ ಗಾಡಿ ನಿಮ್ಮನ್ನು ಬಿಟ್ಟು ಕಣಿವೆಗೆ ಹೋಗುತ್ತದೆ.

ನೀವು ಕೇಳದಿದ್ದರೂ ಒಂದು ಹೊಂದಿಕೆ ಹೇಳಲೇಬೇಕು. ಗಾಡಿ ಜೊತೆ ಟನೆಲ್ ಮೇಲಿನ ಚೀಲ ಬಂದಿರುತ್ತದೆ, ಅದರಲ್ಲಿ ಸಲಿಕೆಯೂ ಇರಬಹುದು. ಆ ಸಲಿಕೆಯನ್ನು ಇವತ್ತೇ ತೆಗೆದು ಬೆನ್ನಿನ ಚೀಲಕ್ಕೆ ಹಾಕಿ. ಹೂತವರನ್ನು ಚುಚ್ಚಿ ಹುಡುಕುವ ಉದ್ದನೆ ಕಡ್ಡಿ, ಪ್ರೋಬ್, ಕೂಡ ಅಲ್ಲೇ. ಹೂತವರ ಜಾಗವನ್ನು ರೇಡಿಯೊ ಸಂಕೇತದಿಂದ ತೋರಿಸುವ ಟ್ರಾನ್ಸೀವರ್ ಮೈಮೇಲೆ, ಜಾಕೆಟ್ ಒಳಗೆ, ಫೋನಿನಿಂದ ದೂರ. ಹಿಮ ಕುಸಿದಾಗ ನಿಮ್ಮ ಗೆಳೆಯ ಹೂತುಹೋಗಿ, ನಿಮ್ಮ ಗಾಡಿಯೂ ಸಲಿಕೆ ಸಮೇತ ಹೂತುಹೋದರೆ ಕೈಯಲ್ಲಿ ಅಗೆಯುತ್ತೀರಾ? ಕುಸಿದು ನಿಂತ ಹಿಮ ಸಿಮೆಂಟಿನಷ್ಟು ಗಟ್ಟಿ. ಹತ್ತು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಒಳ್ಳೆಯದಿದೆ, ಆಮೇಲೆ ಅದು ಧಡಧಡನೆ ಇಳಿಯುತ್ತದೆ.

2008ರ ಡಿಸೆಂಬರ್ 28ರಂದು ಬ್ರಿಟಿಷ್ ಕೊಲಂಬಿಯಾದ ಫರ್ನಿ ಹತ್ತಿರದ ಹಾರ್ವೆ ಪಾಸ್‌ನಲ್ಲಿ ಹನ್ನೊಂದು ಜನ ಸ್ನೋಮೊಬೈಲ್ ಸವಾರರು ಹಿಮಕುಸಿತಕ್ಕೆ ಸಿಕ್ಕರು. ಎಂಟು ಜನ ತೀರಿಕೊಂಡರು. ಎಲ್ಲರೂ ಸ್ಪಾರ್‌ವುಡ್ ಅನ್ನುವ ಒಂದೇ ಊರಿನವರು, ಬೆಟ್ಟ ಗೊತ್ತಿದ್ದವರು. 2010ರ ಮಾರ್ಚ್‌ನಲ್ಲಿ ರೆವೆಲ್‌ಸ್ಟೋಕ್‌ನ ಬೌಲ್ಡರ್ ಮೌಂಟನ್‌ನಲ್ಲಿ ಸವಾರರ ಕೂಟವೊಂದರ ಮೇಲೆ ಹಿಮ ಕುಸಿದು ಇಬ್ಬರು ಸತ್ತರು. ನಿಮ್ಮ ಹೊಸ ಗಾಡಿ ಏರಬಲ್ಲ ಕಡಿದಾದ ಇಳಿಜಾರುಗಳೇ ಕುಸಿಯುವ ಇಳಿಜಾರುಗಳು ಕೂಡ, 30ರಿಂದ 45 ಡಿಗ್ರಿ. ಅವಲಾಂಚ್ ಕೆನಡಾ ಅನ್ನುವ ಸಂಸ್ಥೆಯವರು ಚಳಿಗಾಲದಲ್ಲಿ ದಿನಾ ಹಿಮಕುಸಿತದ ಮುನ್ಸೂಚನೆ ಕೊಡುತ್ತಾರೆ, ಅದು ಪುಕ್ಕಟೆ. ಅವರ ಎಎಸ್‌ಟಿ 1 ಅನ್ನುವ ಹಿಮಕುಸಿತ ಸುರಕ್ಷತೆಯ ಮೊದಲ ಹಂತದ ತರಬೇತಿ ವಾರಾಂತ್ಯದಲ್ಲೇ ಮುಗಿಯುತ್ತದೆ, ಸ್ನೋಮೊಬೈಲ್ ಸವಾರರಿಗೆ ಅಂತಲೇ ಬೇರೆ ತರಗತಿಗಳಿವೆ. ಅದನ್ನು ಮುಗಿಸದೆ ಮತ್ತೆ ಗೋಲ್ಡನ್‌ಗೆ ಹೋಗಬೇಡಿ. ಹೊಸ ಪಿಸ್ಟನ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಇದು ಸಲೀಸಾಗಿ ಆಗುತ್ತದೆ.

ಟನೆಲ್ ಚೀಲದಲ್ಲಿ ಹೊಸ ಬೆಲ್ಟ್, ಕ್ಲಚ್ ಅಗಲಿಸುವ ಟೂಲ್, ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್, ಹಗ್ಗ, ರ‍್ಯಾಚೆಟ್ ಪಟ್ಟಿ ಇರಲಿ. ಮುರಿದ ಎ-ಆರ್ಮ್‌ಅನ್ನು ರ‍್ಯಾಚೆಟ್ ಪಟ್ಟಿಯಿಂದ ಬಿಗಿದು ಮನೆಗೆ ಬಂದವರು ಎಷ್ಟೋ ಜನ. ಬೆಲ್ಟ್ ಬದಲಿಸುವುದನ್ನು ಮಾತ್ರ ಗ್ಯಾರೇಜಿನಲ್ಲಿ, ಕೈಗವಸು ಹಾಕಿಕೊಂಡು, ಒಮ್ಮೆ ಅಭ್ಯಾಸ ಮಾಡಿಕೊಳ್ಳಿ. ಕತ್ತಲಾಗುವ ಹೊತ್ತಿಗೆ ಬೆಟ್ಟದ ಮೇಲೆ ಕಲಿಯುವ ಕೆಲಸ ಅಲ್ಲ ಅದು.

ಏಪ್ರಿಲ್‌ನಲ್ಲಿ ಗಾಡಿ ಒಳಗಿಡುವಾಗ ಮೊದಲು ಚೆನ್ನಾಗಿ ತೊಳೆಯಿರಿ. ಹೆದ್ದಾರಿಯ ಉಪ್ಪು ಅಲ್ಯೂಮಿನಿಯಂ ಮತ್ತು ವೈರಿಂಗ್ ಕನೆಕ್ಟರ್ ಎರಡನ್ನೂ ತಿನ್ನುತ್ತದೆ. ಟ್ಯಾಂಕ್ ತುಂಬಿಸಿ ಸ್ಟೆಬಿಲೈಸರ್ ಹಾಕಿ ಸ್ವಲ್ಪ ಓಡಿಸಿ. ಇ-ಟೆಕ್‌ನಲ್ಲಿ ಬೇಸಿಗೆಗೆ ಇಡುವ ವಿಧಾನ ಕಂಪ್ಯೂಟರ್‌ನಲ್ಲೇ ಇದೆ, ಬಟನ್ ಒತ್ತಿದರೆ ಎಂಜಿನ್ ತಾನೇ ಒಳಗೆಲ್ಲ ಎಣ್ಣೆ ಸವರಿಕೊಂಡು ನಿಲ್ಲುತ್ತದೆ. ಬೆಲ್ಟ್ ತೆಗೆದಿಡಿ, ಗ್ರೀಸ್ ನಿಪ್ಪಲ್‌ಗಳಿಗೆಲ್ಲ ಗ್ರೀಸ್ ಹೊಡೆಯಿರಿ, ಹಿಂಭಾಗ ಸ್ಟ್ಯಾಂಡ್ ಮೇಲೆತ್ತಿಡಿ. ಸೈಲೆನ್ಸರ್ ಬಾಯಿಗೆ ಸ್ಟೀಲ್ ವುಲ್ ತುರುಕಿ, ಇಲ್ಲದಿದ್ದರೆ ಇಲಿ ಸಂಸಾರ ಹೂಡುತ್ತದೆ. ತುರುಕಿದ್ದನ್ನು ಹ್ಯಾಂಡಲ್ ಮೇಲೆ ಚೀಟಿ ಬರೆದು ಅಂಟಿಸಿ.

ಕೊನೆಗೆ ನಿಮ್ಮ ಪಿಸ್ಟನ್ ಪ್ರಶ್ನೆ. ಎಂಜಿನ್ ಬಿಸಿ ಮಾಡಿ, ಟೆದರ್ ತೆಗೆದು, ಎರಡೂ ಪ್ಲಗ್ ಕಳಚಿ, ಒಂದೊಂದೇ ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಸಿಕ್ಕಿಸಿ, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು, ಗೇಜ್ ಮುಳ್ಳು ಏರುವುದು ನಿಲ್ಲುವವರೆಗೆ ಸ್ಟಾರ್ಟರ್ ಹಗ್ಗ ಎಳೆಯಿರಿ. ಕ್ಯಾಲ್ಗರಿ ಸಾವಿರ ಮೀಟರ್ ಎತ್ತರದಲ್ಲಿದೆ, ಹಾಗಾಗಿ ಸಸ್ಕಾಟೂನ್‌ನಲ್ಲಿ ಅವರು ತೋರಿಸಿದ ಅಂಕಿಗಿಂತ ಕಡಿಮೆ ಬಂದರೆ ಗಾಬರಿ ಬೇಡ. ನೋಡಬೇಕಾದ್ದು ಎರಡು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅದು ಶೇ. 10ರೊಳಗಿದ್ದರೆ, ಮತ್ತು ಎಕ್ಸಾಸ್ಟ್ ಬಾಯಿಯಿಂದ ಸಣ್ಣ ಕ್ಯಾಮೆರಾ ತೂರಿಸಿ ನೋಡಿದಾಗ ಪಿಸ್ಟನ್ ಮೈಯಲ್ಲಿ ಉದ್ದುದ್ದ ಗೀರು ಕಾಣದಿದ್ದರೆ, ಈ ಚಳಿಗಾಲ ಹಾಗೇ ಓಡಿಸಿ. ಅಂಕಿ ಬರೆದಿಡಿ. ಅಕ್ಟೋಬರ್‌ನಲ್ಲಿ ಅದೇ ಗೇಜ್‌ನಿಂದ, ಅದೇ ಗ್ಯಾರೇಜಿನಲ್ಲಿ ಮತ್ತೆ ಅಳೆಯಿರಿ. ಗಣನೀಯವಾಗಿ ಇಳಿದಿದ್ದರೆ ಆಗ ಪಿಸ್ಟನ್ ತರಿಸಿ. ನವೆಂಬರ್‌ನಲ್ಲಿ ಮೆಕ್ಯಾನಿಕ್‌ಗಳ ಹತ್ತಿರ ಸರದಿ ಸಿಗುವುದಿಲ್ಲ, ಅದಕ್ಕೇ ಅಕ್ಟೋಬರ್ ಅಂದೆ.